ಗಾಳದ ಬೋಟು, ಮೀನಿನ ಲೆಕ್ಕ: ಮೆಕ್ಸಿಕೋ ಕೊಲ್ಲಿಯ ಚಾರ್ಟರ್ ಮೀನುಗಾರಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ದಕ್ಷಿಣ ತೀರದಲ್ಲಿ, ಟೆಕ್ಸಸ್‌ನಿಂದ ಫ್ಲೋರಿಡಾವರೆಗೆ, ದುಡ್ಡು ಕೊಟ್ಟು ಬೋಟ್ ಹತ್ತಿ ಸಮುದ್ರದಲ್ಲಿ ಗಾಳ ಹಾಕುವುದು ದೊಡ್ಡ ವ್ಯಾಪಾರ. ಹ್ಯೂಸ್ಟನ್, ಟ್ಯಾಂಪಾ ಕಡೆ ನೆಲೆಸಿದ ಕನ್ನಡಿಗರೂ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವುದುಂಟು. ಹೋಗಿ ಬಂದವರು ಕೇಳುವುದು ಹೆಚ್ಚುಕಡಿಮೆ ಇವನ್ನೇ: ರೆಡ್ ಸ್ನ್ಯಾಪರ್ ಅನ್ನುವ ಮೀನು ತಲೆಗೆ ಎರಡೇ ಯಾಕೆ, ದಕ್ಕೆಯಲ್ಲಿ ನಿಂತು ಮೀನು ಅಳೆಯುವವರು ಯಾರು, ಕ್ಯಾಪ್ಟನ್ ಬಾಯಲ್ಲಿ ಸರ್ಕಾರ, ಜಿಪಿಎಸ್, ಕೋರ್ಟು ಅಂತ ಬರುತ್ತಲೇ ಇರುತ್ತದಲ್ಲ, ಏನದು? ಆ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ನಡುನಡುವೆ ನನ್ನ ಅಭಿಪ್ರಾಯವೂ ಇದೆ.

ಚಾರ್ಟರ್ ಬೋಟ್ ಅಂದರೆ ಯಾವುದು? ಮೀನು ಮಾರುವ ಬೋಟಿಗೂ ಇದಕ್ಕೂ ಏನು ವ್ಯತ್ಯಾಸ?

ಮಲ್ಪೆಯ ಟ್ರಾಲ್ ಬೋಟ್ ಮೀನು ಮಾರಿ ದುಡಿಯುತ್ತದೆ. ಚಾರ್ಟರ್ ಬೋಟ್ ಜನರನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಿ ದುಡಿಯುತ್ತದೆ. ಗಾಳ, ಎರೆ, ಐಸು, ಮೀನಿರುವ ಜಾಗ ಗೊತ್ತಿರುವ ಕ್ಯಾಪ್ಟನ್, ಕೊಕ್ಕೆಯಿಂದ ಮೀನು ಬಿಡಿಸಿಕೊಡುವ ಹುಡುಗ, ಎಲ್ಲ ಬೋಟಿನವರದೇ. ಹಿಡಿದ ಮೀನು ಗಿರಾಕಿಯದು. ಮನೆಗೆ ಒಯ್ದು ತಿನ್ನಬಹುದು, ಮಾರುವ ಹಾಗಿಲ್ಲ.

ಇದರಲ್ಲೂ ಎರಡು ಬಗೆ. ಸಣ್ಣ ಬೋಟಿನಲ್ಲಿ ಸಾಮಾನ್ಯವಾಗಿ ಆರು ಜನ ಹೋಗುತ್ತಾರೆ, ಒಂದು ಗುಂಪು ಇಡೀ ಬೋಟನ್ನೇ ಬಾಡಿಗೆಗೆ ಹಿಡಿಯುತ್ತದೆ. ಇದು ಚಾರ್ಟರ್. ಇನ್ನೊಂದು ದೊಡ್ಡ ಬೋಟ್, ತಲೆಗೆ ಇಷ್ಟು ಅಂತ ಟಿಕೆಟ್. ಪರಿಚಯ ಇಲ್ಲದವರ ಪಕ್ಕ ಸಾಲಾಗಿ ನಿಂತು ಗಾಳ ಬಿಡಬೇಕು. ಇದಕ್ಕೆ ಹೆಡ್‌ಬೋಟ್ ಅನ್ನುತ್ತಾರೆ. ಈ ಎರಡರ ಲೆಕ್ಕದ ಪದ್ಧತಿ ಬೇರೆ ಬೇರೆ. ಅದು ಮುಂದೆ ಬರುತ್ತದೆ.

ಮೆಕ್ಸಿಕೋ ಕೊಲ್ಲಿ ಅಂತ ಬರೆದಿದ್ದೀರಿ, ಈಗ ಹೆಸರು ಬದಲಾಗಿದೆಯಲ್ವಾ?

ಹೌದು, 2025ರಿಂದ ಅಮೆರಿಕ ಸರ್ಕಾರದ ಕಾಗದಪತ್ರಗಳಲ್ಲಿ ಅದು ಅಮೆರಿಕ ಕೊಲ್ಲಿ. ಇಲ್ಲಿ ಹೇಳುವ ಸಂಗತಿಗಳು ಹೆಚ್ಚಿನವು ಅದಕ್ಕೂ ಹಿಂದಿನವು, ಹಾಗಾಗಿ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ.

ನಾಲ್ಕು ಜನ ಮೋಜಿಗೆ ಹಿಡಿಯುವ ಮೀನಿಗೂ ಲೆಕ್ಕ ಬೇಕಾ?

ನಾಲ್ಕು ಜನ ಆಗಿದ್ದರೆ ಬೇಡವಾಗಿತ್ತು. ಈ ಕೊಲ್ಲಿಯಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಇರುವ ಬೋಟುಗಳೇ ಸುಮಾರು 1,300. ಬೇಸಿಗೆಯಲ್ಲಿ ಒಂದೊಂದೂ ಹೆಚ್ಚುಕಡಿಮೆ ದಿನಾ ಹೊರಡುತ್ತದೆ.

ಎಲ್ಲರ ಕಣ್ಣೂ ರೆಡ್ ಸ್ನ್ಯಾಪರ್ ಮೇಲೆ. ನೋಡಲು ಚೆಂದ, ತಿನ್ನಲು ರುಚಿ, ಗಾಳಕ್ಕೂ ಬೇಗ ಬೀಳುತ್ತದೆ. ಆದರೆ ಇದು 50 ವರ್ಷಕ್ಕೂ ಮೇಲೆ ಬದುಕುವ ಮೀನು. ವಯಸ್ಸಾದ ದೊಡ್ಡ ಹೆಣ್ಣು ಮೀನು ಇಡುವಷ್ಟು ಮೊಟ್ಟೆಯನ್ನು ಎಳೆಯ ಮೀನು ಇಡುವುದಿಲ್ಲ. ದೊಡ್ಡದನ್ನೆಲ್ಲ ಹಿಡಿದು ಮುಗಿಸಿದರೆ ಮತ್ತೆ ಸಂತತಿ ತುಂಬಿಕೊಳ್ಳಲು ದಶಕಗಳೇ ಬೇಕು. ಕಳೆದ ಶತಮಾನದ ಕೊನೆಯ ಹೊತ್ತಿಗೆ ಅದೇ ಆಗಿತ್ತು. 2032ರೊಳಗೆ ಈ ಮೀನನ್ನು ಮತ್ತೆ ಸುಸ್ಥಿತಿಗೆ ತರಬೇಕು ಅಂತ ಯೋಜನೆ ಹಾಕಿದ್ದಾರೆ.

ವರ್ಷಕ್ಕೆ ಇಷ್ಟೇ ಹಿಡಿಯಬಹುದು ಅಂತ ಮಿತಿ ಇದೆ. ಅದರಲ್ಲಿ ಶೇಕಡಾ 51 ಮಾರುವವರಿಗೆ, 49 ಮೋಜಿಗೆ ಹಿಡಿಯುವವರಿಗೆ. ಈ 49ರ ಪಾಲನ್ನು 2015ರಿಂದ ಮತ್ತೆ ಎರಡು ಮಾಡಿದ್ದಾರೆ: ಸ್ವಂತ ಬೋಟ್ ಇರುವವರಿಗೆ ಶೇಕಡಾ 57.7, ಚಾರ್ಟರ್ ಮತ್ತು ಹೆಡ್‌ಬೋಟ್‌ಗಳಿಗೆ 42.3. ಪಾಲು ಇಷ್ಟು ಅಂತ ಬರೆದಿಟ್ಟ ಮೇಲೆ ಯಾರು ಎಷ್ಟು ತಿಂದರು ಅಂತ ಎಣಿಸದೆ ಇರಲು ಆಗುತ್ತದಾ?

ಲೆಕ್ಕ ಸರಿ ಇಲ್ಲದಿದ್ದರೆ ಯಾರಿಗೆ ನಷ್ಟ? ಸರ್ಕಾರಕ್ಕೆ ತಾನೇ?

ಅಲ್ಲ, ಕ್ಯಾಪ್ಟನ್‌ಗೆ. ಇಷ್ಟೊಂದು ಜಗಳದ ಬುಡ ಇರುವುದೇ ಇಲ್ಲಿ.

ಅಧಿಕಾರಿಗಳು ಮೀನನ್ನು ದಿನಗಳ ಲೆಕ್ಕಕ್ಕೆ ತಿರುಗಿಸುತ್ತಾರೆ. ಮಿತಿ ಇಷ್ಟು ಪೌಂಡ್, ದಿನಕ್ಕೆ ಸುಮಾರು ಇಷ್ಟು ಹಿಡಿಯುತ್ತಾರೆ, ಹಾಗಾದರೆ ಸೀಸನ್ ಇಷ್ಟು ದಿನ. ದಿನಕ್ಕೆ ಎಷ್ಟು ಹಿಡಿಯುತ್ತಾರೆ ಅನ್ನುವುದೇ ಅಂದಾಜಾದರೆ, ಮಿತಿ ದಾಟಬಾರದು ಅಂತ ಮೊದಲೇ ಒಂದಿಷ್ಟು ತೆಗೆದಿಟ್ಟು ಸೀಸನ್ ಚಿಕ್ಕದು ಮಾಡುತ್ತಾರೆ. 2013ರಲ್ಲಿ ಮಾರುಕಟ್ಟೆಗೆ ಮೀನು ಹಿಡಿಯುವವರು ಕೋರ್ಟಿಗೆ ಹೋದರು. ಮೋಜಿನ ಮೀನುಗಾರರು ಪ್ರತಿ ವರ್ಷ ಮಿತಿ ಮೀರುತ್ತಿದ್ದಾರೆ, ಸರ್ಕಾರ ತಡೆಯುತ್ತಿಲ್ಲ ಅನ್ನುವುದು ಅವರ ದೂರು. 2014ರಲ್ಲಿ ಅವರು ಗೆದ್ದರು. ಅದಾದ ಮೇಲೆ ಮೋಜಿನ ಪಾಲಿನಿಂದ ಶೇಕಡಾ 20 ಮೊದಲೇ ಕಡಿದಿಡುವ ಪದ್ಧತಿ ಬಂತು. ಆ ವರ್ಷ ಕೇಂದ್ರದ ನೀರಿನಲ್ಲಿ (ಅಂದರೆ ತೀರದ ರಾಜ್ಯಗಳ ಪಾಲಿನ ಸಮುದ್ರದಿಂದ ಆಚೆ) ರೆಡ್ ಸ್ನ್ಯಾಪರ್ ಸೀಸನ್ ಇದ್ದದ್ದು ಬರೀ 9 ದಿನ. ವರ್ಷವಿಡೀ ಬೋಟಿನ ಸಾಲದ ಕಂತು ಕಟ್ಟುವವನಿಗೆ ಒಂಬತ್ತು ದಿನ! ಗಾಳಿ ಜೋರಾಗಿ ಎರಡು ದಿನ ಹೊರಡಲು ಆಗದಿದ್ದರೆ ಉಳಿದದ್ದು ಏಳು.

2015ರಲ್ಲಿ ಪಾಲು ಬೇರೆ ಮಾಡಿದ ಮೇಲೆ ಚಾರ್ಟರ್‌ಗಳಿಗೆ 44 ದಿನ ಸಿಕ್ಕಿತು. ಮುಂದೆ ಅದು ಎರಡು ತಿಂಗಳು ದಾಟಿತು. ಚಾರ್ಟರ್ ಗುಂಪು ತನ್ನ ಮಿತಿಯೊಳಗೇ ಇದೆ ಅಂತ ಕಂಡುಬಂದ ಮೇಲೆ, 2019ರಲ್ಲಿ ಆ 20ರ ಕಡಿತವನ್ನು ಅವರಿಗೆ ಶೇಕಡಾ 9ಕ್ಕೆ ಇಳಿಸಿದರು. ಲೆಕ್ಕ ನಂಬುವಂತಿದ್ದರೆ ದಿನ ಜಾಸ್ತಿ, ಇಲ್ಲದಿದ್ದರೆ ಕಡಿಮೆ. ಲೆಕ್ಕ ಬರೆಯುವುದೇ ಕಿರಿಕಿರಿ ಅನ್ನುವ ಕ್ಯಾಪ್ಟನ್‌ಗಳ ಜೊತೆ ನನಗೆ ಒಪ್ಪಿಗೆ ಇಲ್ಲದಿರುವುದು ಇದೇ ಕಾರಣಕ್ಕೆ.

ಹಾಗಾದರೆ ಮೊದಲಿಂದ ಎಣಿಸುತ್ತಿದ್ದುದು ಹೇಗೆ?

ಎರಡು ದಾರಿಯಲ್ಲಿ. ಒಂದು ಫೋನು, ಇನ್ನೊಂದು ದಕ್ಕೆ.

ವಾರಕ್ಕೊಮ್ಮೆ ಚಾರ್ಟರ್ ಬೋಟುಗಳ ಪಟ್ಟಿಯಿಂದ ಸುಮಾರು ಹತ್ತರಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಆ ಕ್ಯಾಪ್ಟನ್‌ಗೆ ಫೋನ್ ಮಾಡಿ ಕೇಳುತ್ತಾರೆ: ಹೋದ ವಾರ ಎಷ್ಟು ಸಲ ಹೊರಟಿರಿ, ಎಷ್ಟು ಜನ ಇದ್ದರು, ಎಷ್ಟು ದೂರ ಹೋದಿರಿ. ಅದರಿಂದ ಒಟ್ಟು ಟ್ರಿಪ್‌ಗಳ ಅಂದಾಜು ಸಿಗುತ್ತದೆ. ಇತ್ತ ದಕ್ಕೆಯಲ್ಲಿ ಸಮೀಕ್ಷೆಯವರು ನಿಂತು, ಇಳಿದು ಬರುವವರ ಮೀನು ನೋಡಿ ಒಂದು ಟ್ರಿಪ್‌ಗೆ ಎಷ್ಟು ಮೀನು ಅಂತ ತೆಗೆಯುತ್ತಾರೆ. ಎರಡನ್ನೂ ಗುಣಿಸಿದರೆ ಒಟ್ಟು ಹಿಡಿದ ಮೀನು.

ಪದ್ಧತಿಯಲ್ಲಿ ತಪ್ಪಿಲ್ಲ. ನಮ್ಮ ಕರಾವಳಿಯಲ್ಲೂ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಎಲ್ಲ ಬೋಟಿನ ಮೀನನ್ನೂ ತೂಗುವುದಿಲ್ಲ. ಕೆಲವು ದಕ್ಕೆ, ಕೆಲವು ದಿನ ಆರಿಸಿಕೊಂಡೇ ಒಟ್ಟು ಲೆಕ್ಕ ಹಾಕುತ್ತಾರೆ. ವರ್ಷವಿಡೀ ನಡೆಯುವ ಮೀನುಗಾರಿಕೆಗೆ ಅದು ಸಾಕು. ಆದರೆ ಒಂಬತ್ತು ದಿನದ ಸೀಸನ್‌ಗೆ ಏನು ಮಾಡುತ್ತೀರಿ? ಈ ಅಂದಾಜುಗಳು ಎರಡೆರಡು ತಿಂಗಳ ಕಂತಿನಲ್ಲಿ, ಅದೂ ಮುಗಿದ ಎಷ್ಟೋ ದಿನದ ಮೇಲೆ ಬರುತ್ತವೆ. ಮಿತಿ ದಾಟಿದೆ ಅಂತ ಗೊತ್ತಾಗುವ ಹೊತ್ತಿಗೆ ಮೀನು ಯಾರದೋ ಫ್ರಿಜ್‌ನಲ್ಲಿರುತ್ತದೆ.

ಇನ್ನೊಂದು ತೊಡಕು ನೆನಪಿನದು. ಹೋದ ಬುಧವಾರ ಎಷ್ಟು ಮೀನು ವಾಪಸ್ ನೀರಿಗೆ ಬಿಟ್ಟಿರಿ ಅಂದರೆ ಯಾರಾದರೂ ಹದಿಮೂರು ಅಂತಾರಾ? ಹತ್ತು ಅಂತಾರೆ, ಇಲ್ಲ ಹದಿನೈದು.

ಇದೇ ಪದ್ಧತಿ ಇಡೀ ತೀರಕ್ಕೂ ಇದೆಯಾ?

ಇಲ್ಲ, ಅದೇ ತಲೆನೋವು. ಟೆಕ್ಸಸ್ 1970ರ ದಶಕದಿಂದ ತನ್ನದೇ ಸಮೀಕ್ಷೆ ನಡೆಸುತ್ತಿದೆ. ಲೂಸಿಯಾನ 2014ರಲ್ಲಿ ತನ್ನದು ಶುರು ಮಾಡಿತು. ಅಲಬಾಮಾದಲ್ಲಿ ಸ್ನ್ಯಾಪರ್ ಚೆಕ್, ಮಿಸಿಸಿಪ್ಪಿಯಲ್ಲಿ ಟೇಲ್ಸ್ ಆ್ಯಂಡ್ ಸ್ಕೇಲ್ಸ್, ಫ್ಲೋರಿಡಾದ್ದು ಇನ್ನೊಂದು. ಒಂದೇ ಮೀನು, ಒಂದೇ ನೀರು, ಐದು ರಾಜ್ಯ, ಐದು ಅಳತೆಗೋಲು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಲು ಕೂತವರ ಪಾಡು ಕೇಳಬೇಡಿ.

ಹೆಡ್‌ಬೋಟ್‌ಗಳ ಲೆಕ್ಕ ಬೇರೆ ಅಂದಿರಲ್ಲ?

ಬೇರೆ, ಮತ್ತು ಹಳೆಯದು. ಅಟ್ಲಾಂಟಿಕ್ ಕಡೆ 1972ರಲ್ಲಿ ಶುರುವಾದ ಹೆಡ್‌ಬೋಟ್ ಸಮೀಕ್ಷೆ ಕೊಲ್ಲಿಗೆ ಬಂದದ್ದು 1986ರಲ್ಲಿ. ಅಲ್ಲಿ ಚೀಟಿ ಎತ್ತುವುದಿಲ್ಲ, ಸಮೀಕ್ಷೆಗೆ ಸೇರಿದ ಪ್ರತಿ ಬೋಟೂ ಪ್ರತಿ ಟ್ರಿಪ್‌ನ ಲೆಕ್ಕ ಬರೆದು ಕೊಡಬೇಕು. 2013ರಿಂದ ಅದು ಕಾಗದ ಬಿಟ್ಟು ಫೋನಿಗೆ, ಕಂಪ್ಯೂಟರ್‌ಗೆ ಬಂತು. ಗಲಾಟೆ ಇಲ್ಲದೆ ನಡೆದುಕೊಂಡು ಹೋಗುತ್ತಿದೆ. ಚಾರ್ಟರ್‌ಗಳಿಗೂ ಹೀಗೇ ಮಾಡಬಹುದಲ್ಲ ಅಂತ ಹೊರಟಾಗಲೇ ಮುಂದಿನ ಕಥೆ ಹುಟ್ಟಿದ್ದು.

2021ರಲ್ಲಿ ಬಂದ ಹೊಸ ನಿಯಮ ಏನು?

ನಿಯಮ ಹೊರಟದ್ದು 2020ರಲ್ಲಿ, ಜಾರಿಗೆ ಬಂದದ್ದು 2021ರ ಜನವರಿಯಲ್ಲಿ. ಕೇಂದ್ರದ ಪರವಾನಗಿ ಇರುವ ಕೊಲ್ಲಿಯ ಚಾರ್ಟರ್ ಬೋಟುಗಳಿಗೆಲ್ಲ ಅನ್ವಯ. ಮೂರು ಕೆಲಸ ಕಡ್ಡಾಯ ಆಯಿತು.

ಮೊದಲನೆಯದು, ದಕ್ಕೆ ಬಿಡುವ ಮುಂಚೆ ತಿಳಿಸುವುದು. ಮೀನಿಗೆ ಹೋಗುತ್ತಿದ್ದೇನೆ, ಗಿರಾಕಿಗಳಿದ್ದಾರೆ, ಇಷ್ಟು ಹೊತ್ತಿಗೆ ಇಂಥ ಕಡೆ ವಾಪಸ್ ಬರುತ್ತೇನೆ ಅಂತ. ಎರಡನೆಯದು, ಮೀನು ಇಳಿಸುವ ಮುಂಚೆಯೇ ಹಿಡಿದದ್ದರ ವರದಿ ಕಳಿಸುವುದು. ಮೀನೇ ತಂದಿಲ್ಲ ಅಂದರೆ ಟ್ರಿಪ್ ಮುಗಿದ 30 ನಿಮಿಷದೊಳಗೆ. ಮೂರನೆಯದು 2022ರ ಮಾರ್ಚ್ 1ರಿಂದ ಬಂತು: ಬೋಟಿಗೆ ಒಂದು ಜಿಪಿಎಸ್ ಉಪಕರಣ ಕೂರಿಸಬೇಕು. ಅದು ಗಂಟೆಗೊಮ್ಮೆಯಾದರೂ ಬೋಟ್ ಎಲ್ಲಿದೆ ಅಂತ ದಾಖಲಿಸಿ ಕಳಿಸುತ್ತಿರಬೇಕು. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಉಳಿಸಿಟ್ಟುಕೊಂಡು, ದಡ ಹತ್ತಿರ ಬಂದಾಗ ಕಳಿಸುವ ಉಪಕರಣಕ್ಕೂ ಅನುಮತಿ ಇತ್ತು.

ಕ್ಯಾಪ್ಟನ್‌ಗೆ ದಿನದ ಕೆಲಸ ಎಷ್ಟು ಜಾಸ್ತಿ ಆಗುತ್ತಿತ್ತು?

ಆ ನಿಯಮ ಇದ್ದಾಗ ನೀವು ಹತ್ತಿದ್ದೀರಿ ಅಂದುಕೊಳ್ಳಿ. ಬೆಳಗ್ಗೆ ಆರು ಗಂಟೆ. ಹುಡುಗ ಐಸ್ ತುಂಬುತ್ತಿದ್ದಾನೆ. ಕ್ಯಾಪ್ಟನ್ ಫೋನಿನಲ್ಲಿ ಇಟ್ರಿಪ್ಸ್ ಅಥವಾ ವೆಸ್ಲ್ ಅನ್ನುವ ಆ್ಯಪ್ ತೆಗೆದು ನಾಲ್ಕೈದು ಕಡೆ ಒತ್ತುತ್ತಾನೆ, ಹೊರಡುವ ವರದಿ ಹೋಯಿತು. ಇದು ಸುಲಭ.

ಕಷ್ಟ ಇರುವುದು ಸಂಜೆ. ಬಿಸಿಲಿಗೆ ಸುಸ್ತಾದ ಆರು ಜನ, ಅದರಲ್ಲಿ ಒಬ್ಬರಿಗೆ ವಾಂತಿ. ಬೋಟ್ ಕಾಲುವೆ ಒಳಗೆ ಬರುತ್ತಿದೆ, ಎದುರಿಗೆ ಇನ್ನೊಂದು ಬೋಟ್. ಆ ಹೊತ್ತಲ್ಲಿ ಉಪ್ಪುನೀರಿನ ಕೈಯಲ್ಲಿ ಫೋನ್ ಹಿಡಿದು ತುಂಬಬೇಕು: ರೆಡ್ ಸ್ನ್ಯಾಪರ್ ಇಟ್ಟುಕೊಂಡದ್ದು 12, ಬಿಟ್ಟದ್ದು ಎಷ್ಟು, ಟ್ರಿಗರ್‌ಫಿಶ್ ಎಷ್ಟು, ಕಿಂಗ್ ಮ್ಯಾಕೆರಲ್ ಎಷ್ಟು (ಇದು ನಮ್ಮ ಅಂಜಲ್‌ನ ದಾಯಾದಿ, ಒಂದೇ ಕುಲ), ಎಷ್ಟು ಹೊತ್ತು ಗಾಳ ಹಾಕಿದಿರಿ, ಎಷ್ಟು ಆಳದಲ್ಲಿ. ಇಷ್ಟಾದ ಮೇಲೆ ದುಡ್ಡಿನ ಪ್ರಶ್ನೆಗಳು. ಗಿರಾಕಿ ಎಷ್ಟು ಕೊಟ್ಟ, ಡೀಸೆಲ್ ಎಷ್ಟು ಸುಟ್ಟಿತು, ಗ್ಯಾಲನ್‌ಗೆ ಎಷ್ಟು ಬಿತ್ತು. ಅದು ಮುಗಿಯುವವರೆಗೆ ಮೀನು ಕೆಳಗೆ ಇಳಿಸುವ ಹಾಗಿಲ್ಲ.

ಮೀನಿನ ಪ್ರಶ್ನೆಗಳಿಗೆ ಕ್ಯಾಪ್ಟನ್‌ಗಳಿಗೆ ಅಭ್ಯಾಸ ಆಗುತ್ತಿತ್ತು ಅನ್ನಿಸುತ್ತದೆ. ದುಡ್ಡಿನ ಪ್ರಶ್ನೆ ಯಾಕೆ ಸೇರಿಸಿದರೋ! ಚಂಡಮಾರುತ, ತೈಲ ಸೋರಿಕೆ ಬಂದಾಗ ನಷ್ಟ ಲೆಕ್ಕ ಹಾಕಲು ಅನುಕೂಲ ಅನ್ನುವ ಸಮಜಾಯಿಷಿ ಇತ್ತು. ಇರಬಹುದು. ಆದರೆ ಪ್ರತಿ ಟ್ರಿಪ್‌ಗೂ ಕೇಳುವ ಅಗತ್ಯ ಇರಲಿಲ್ಲ.

ಕ್ಯಾಪ್ಟನ್ ಸುಳ್ಳು ಬರೆದರೆ? ಅಥವಾ ಬರೆಯದೇ ಇದ್ದರೆ?

ಸುಳ್ಳು ಬರೆಯುವವರಿಗಿಂತ ಬರೆಯದೇ ಇರುವವರದೇ ದೊಡ್ಡ ಸಮಸ್ಯೆ. ಖಾಲಿ ಜಾಗ ಕಂಡರೆ ಅದು ಹೊರಡದ ದಿನವೋ, ಹೊರಟು ಬರೆಯದ ದಿನವೋ ಗೊತ್ತಾಗುವುದಿಲ್ಲ.

ಅದಕ್ಕೇ ದಕ್ಕೆಯವರು ಬೇಕು. ಸಮೀಕ್ಷೆಯವರು ತಮ್ಮ ಪಾಡಿಗೆ ದಕ್ಕೆಯಲ್ಲಿ ನಿಂತು ಬಂದ ಬೋಟುಗಳನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಆ ಪಟ್ಟಿಯನ್ನು ಬಂದ ವರದಿಗಳ ಜೊತೆ ಇಟ್ಟು ನೋಡುತ್ತಾರೆ. ಉದಾಹರಣೆಗೆ, ಅವರು ಕಣ್ಣಾರೆ ಕಂಡ 100 ಟ್ರಿಪ್‌ಗಳಲ್ಲಿ 80ಕ್ಕೆ ಮಾತ್ರ ವರದಿ ಇದೆ ಅಂದುಕೊಳ್ಳಿ. ಹಾಗಾದರೆ ಒಟ್ಟು ಟ್ರಿಪ್‌ಗಳಲ್ಲೂ ಐದರಲ್ಲಿ ಒಂದು ಬಿಟ್ಟುಹೋಗಿದೆ ಅಂತ ತಿಳಿದು ಅಷ್ಟು ಸೇರಿಸುತ್ತಾರೆ. ವರದಿ ಇದ್ದ ಕಡೆ ಮೀನಿನ ಸಂಖ್ಯೆಯನ್ನೂ ಹೋಲಿಸುತ್ತಾರೆ. ಕ್ಯಾಪ್ಟನ್ 12 ಅಂದಿದ್ದಾನೆ, ಸಮೀಕ್ಷೆಯವರು ಎಣಿಸಿದ್ದೂ 12, ಸರಿ. ಈ ವಿಧಾನಕ್ಕೆ ಎಲ್ಲರೂ ಪ್ರಾಮಾಣಿಕರಾಗಿರಬೇಕು ಅಂತೇನಿಲ್ಲ. ಆದರೆ ವರದಿ ಕಳಿಸುವ ಹೊತ್ತಿಗೆ ದಕ್ಕೆಯಲ್ಲಿ ಯಾರಿದ್ದಾರೆ ಅಂತ ಕ್ಯಾಪ್ಟನ್‌ಗೆ ಗೊತ್ತಿರಬಾರದು. ಮೀನು ಇಳಿಸುವ ಮುಂಚೆಯೇ ವರದಿ ಕಳಿಸಿ ಅಂತ ಹಟ ಹಿಡಿದದ್ದು ಇದೇ ಕಾರಣಕ್ಕೆ.

ನೀರಿಗೆ ವಾಪಸ್ ಬಿಟ್ಟ ಮೀನನ್ನು ಯಾಕೆ ಎಣಿಸಬೇಕು? ಅದು ಬದುಕುತ್ತದಲ್ಲ?

ಎಲ್ಲವೂ ಬದುಕುವುದಿಲ್ಲ. ರೆಡ್ ಸ್ನ್ಯಾಪರ್ ಆಳದ ಮೀನು. ಅದನ್ನು ಸರಸರ ಎಳೆದು ಮೇಲೆ ತಂದರೆ ಒತ್ತಡ ಕಡಿಮೆಯಾಗಿ ಹೊಟ್ಟೆಯೊಳಗಿನ ಗಾಳಿಚೀಲ ಊದಿಕೊಳ್ಳುತ್ತದೆ. ಜಠರ ಬಾಯಿಯಿಂದ ಹೊರಗೆ ಬಂದಿರುತ್ತದೆ, ಕಣ್ಣು ಉಬ್ಬಿರುತ್ತದೆ. ಹಾಗೇ ಎಸೆದರೆ ಮುಳುಗಲಾರದೆ ಮೇಲೇ ತೇಲುತ್ತದೆ, ಡಾಲ್ಫಿನ್‌ಗಳು ಬೋಟಿನ ಹಿಂದೆಯೇ ಕಾಯುತ್ತಿರುತ್ತವೆ.

16 ಇಂಚಿಗಿಂತ ಚಿಕ್ಕದನ್ನು ಬಿಡಲೇಬೇಕು. ತಲೆಗೆ ಎರಡು ಆದ ಮೇಲೆ ಬಿದ್ದದ್ದನ್ನೂ ಬಿಡಬೇಕು. ಸೀಸನ್ ಇಲ್ಲದಾಗ ಬೇರೆ ಮೀನಿಗೆ ಗಾಳ ಹಾಕಿದರೂ ಇದೇ ಬೀಳುತ್ತದೆ. ಹಾಗಾಗಿ ಬಿಟ್ಟ ಮೀನಿನ ಸಂಖ್ಯೆ ಸಣ್ಣದಲ್ಲ, ಅದರಲ್ಲಿ ಸಾಯುವವೂ ಒಟ್ಟು ಲೆಕ್ಕಕ್ಕೆ ಸೇರಬೇಕು. ದಕ್ಕೆಯಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. ಬೋಟಿನಲ್ಲೇ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಫ್ಲೋರಿಡಾದಲ್ಲಿ ರಾಜ್ಯದ ವೀಕ್ಷಕರು ಕೆಲವು ಟ್ರಿಪ್‌ಗಳಲ್ಲಿ ಜೊತೆಗೇ ಹೋಗಿ ಬರೆದುಕೊಳ್ಳುತ್ತಾರೆ, ಆದರೆ ಪ್ರತಿ ಬೋಟಿಗೂ ಒಬ್ಬರನ್ನು ಹತ್ತಿಸಲು ಆಗುವುದಿಲ್ಲವಲ್ಲ.

2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯೊಂದು, ಕೇಂದ್ರದ ನೀರಿನಲ್ಲಿ ಇಂಥ ಮೀನು ಹಿಡಿಯುವ ಬೋಟಿನಲ್ಲಿ ಎರಡರಲ್ಲಿ ಒಂದು ಸಾಧನ ಸಿದ್ಧವಾಗಿರಬೇಕು ಅಂದಿತು. ಒಂದು ಟೊಳ್ಳು ಸೂಜಿ, ಚುಚ್ಚಿ ಗಾಳಿ ಬಿಡಲು. ಇನ್ನೊಂದು ಭಾರ ಕಟ್ಟಿದ ಕ್ಲಿಪ್. ಮೀನಿನ ದವಡೆಗೆ ಸಿಕ್ಕಿಸಿ ಕೆಳಗೆ ಬಿಟ್ಟರೆ ಆಳಕ್ಕೆ ಹೋದ ಮೇಲೆ ತಾನೇ ಬಿಡುತ್ತದೆ. ನಿಮ್ಮ ಬೋಟಿನಲ್ಲಿ ಹುಡುಗ ಎರಡನೆಯದನ್ನು ಬಳಸುತ್ತಿದ್ದರೆ ಸ್ವಲ್ಪ ತಾಳ್ಮೆಯಿಂದಿರಿ. ಒಂದು ನಿಮಿಷದ ಕೆಲಸ.

ಕ್ಯಾಪ್ಟನ್‌ಗಳೆಲ್ಲ ಈ ನಿಯಮಕ್ಕೆ ವಿರೋಧವಾಗಿದ್ದರಾ?

ಇಲ್ಲ. ಎಲೆಕ್ಟ್ರಾನಿಕ್ ಲೆಕ್ಕ ಬೇಕು ಅಂತ ಕೇಳಿದವರಲ್ಲಿ ಕ್ಯಾಪ್ಟನ್‌ಗಳ ಗುಂಪುಗಳೇ ಇದ್ದವು. ಅದಕ್ಕೆ ಒಂಬತ್ತು ದಿನದ ಸೀಸನ್ ಒಂದು ಕಾರಣ.

ಇನ್ನೊಂದು ಕಾರಣ 2010. ಆ ವರ್ಷ ಏಪ್ರಿಲ್ 20ರಂದು ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ತೈಲ ಕೊರೆಯುವ ವೇದಿಕೆ ಸ್ಫೋಟಗೊಂಡು ತೈಲ ಸಮುದ್ರಕ್ಕೆ ಸೋರಿತು. ಒಂದು ಹಂತದಲ್ಲಿ ಕೊಲ್ಲಿಯ ಕೇಂದ್ರದ ನೀರಿನಲ್ಲಿ ಸುಮಾರು ಶೇಕಡಾ 37 ಭಾಗ ಮೀನುಗಾರಿಕೆಗೆ ಮುಚ್ಚಿತ್ತು. ಬೇಸಿಗೆಯ ಬುಕಿಂಗ್ ಎಲ್ಲ ರದ್ದು. ಪರಿಹಾರ ಕೇಳಲು ಹೋದರೆ ಹಿಂದಿನ ವರ್ಷ ಎಷ್ಟು ಟ್ರಿಪ್ ಹೋಗಿದ್ದಿರಿ, ದಾಖಲೆ ತೋರಿಸಿ ಅಂತಾರೆ. ಡೈರಿಯಲ್ಲಿ ಗೀಚಿದ್ದು, ನಗದು ವ್ಯವಹಾರ, ಬಾಯಿ ಮಾತು ಇಷ್ಟೇ ಇದ್ದವರು ಏನು ತೋರಿಸಬೇಕು? ತನ್ನ ಟ್ರಿಪ್‌ಗಳ ಸರ್ಕಾರಿ ದಾಖಲೆ ಇರುವುದು ತನಗೇ ಲಾಭ ಅನ್ನುವುದು ಹಲವರಿಗೆ ಆಗ ಮನವರಿಕೆ ಆಯಿತು.

ಕೋಪ ಬಂದದ್ದು ಜಿಪಿಎಸ್ ವಿಷಯಕ್ಕೆ. ಉಪಕರಣ ಕೊಳ್ಳಬೇಕು, ಕೂರಿಸಬೇಕು, ತಿಂಗಳ ಶುಲ್ಕ ಕಟ್ಟಬೇಕು. ಅದಕ್ಕಿಂತ ದೊಡ್ಡದು ಜಾಗದ ಗುಟ್ಟು. ಸಮುದ್ರದ ತಳದಲ್ಲಿ ಎಲ್ಲೋ ಮುಳುಗಿದ ಹಡಗು, ಬಂಡೆ, ಯಾರೋ ಕದ್ದುಮುಚ್ಚಿ ಇಳಿಬಿಟ್ಟ ಹಳೆ ಕಬ್ಬಿಣ. ಮೀನು ಕೂಡುವುದು ಅಲ್ಲಿ. ಆ ಅಂಕಿಗಳು ಕ್ಯಾಪ್ಟನ್‌ನ ಆಸ್ತಿ, ಅಪ್ಪ ಮಗನಿಗೆ ಕೊಟ್ಟು ಹೋಗುವಂಥದ್ದು. ಮಾಹಿತಿ ಗೌಪ್ಯ ಅಂತ ಕಾನೂನಿನಲ್ಲಿ ಬರೆದಿದೆ ಅಂದರೆ ಅವರು ನಂಬಬೇಕಲ್ಲ.

ಕೋರ್ಟ್ ಏನು ಹೇಳಿತು?

2020ರಲ್ಲೇ ಕೆಲವು ಕ್ಯಾಪ್ಟನ್‌ಗಳು ದಾವೆ ಹೂಡಿದರು. ಅದು 1,300ಕ್ಕೂ ಹೆಚ್ಚು ಬೋಟ್ ಮಾಲೀಕರ ಪರವಾದ ಸಾಮೂಹಿಕ ದಾವೆ ಆಯಿತು. 2022ರಲ್ಲಿ ಲೂಸಿಯಾನದ ಕೆಳಗಿನ ಕೋರ್ಟಿನಲ್ಲಿ ಸರ್ಕಾರ ಗೆದ್ದಿತು. ಮೇಲ್ಮನವಿಯಲ್ಲಿ, 2023ರ ಫೆಬ್ರವರಿ 23ರಂದು, ಐದನೇ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು.

ಕೋರ್ಟ್ ಹೇಳಿದ್ದರ ಸಾರ ಇಷ್ಟು. ಅಮೆರಿಕದ ಮೀನುಗಾರಿಕೆಯ ಮೂಲ ಕಾನೂನು 1976ರ ಮ್ಯಾಗ್ನುಸನ್ ಕಾಯ್ದೆ. ಚಾರ್ಟರ್ ಬೋಟುಗಳಿಗೆ ಹೊತ್ತೂ ಗೊತ್ತಿಲ್ಲದೆ ಜಿಪಿಎಸ್ ಕಾವಲು ಹಾಕಲು ಅದು ಸರ್ಕಾರಕ್ಕೆ ಅಧಿಕಾರ ಕೊಟ್ಟಿಲ್ಲ. ಕಾರಣವಿಲ್ಲದ ಶೋಧದಿಂದ ಜನರನ್ನು ಕಾಪಾಡುವ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಪ್ರಶ್ನೆ ಎತ್ತಿದವರಿಗೆ ಸರ್ಕಾರ ಸರಿಯಾದ ಉತ್ತರವನ್ನೇ ಕೊಟ್ಟಿಲ್ಲ. ಖರ್ಚಿಗೆ ತಕ್ಕ ಲಾಭ ತೋರಿಸಿಲ್ಲ. ಬಾಡಿಗೆ, ಡೀಸೆಲ್ ದರದಂಥ ವ್ಯಾಪಾರದ ವಿವರ ಕೇಳುತ್ತೇವೆ ಅಂತ ಮುಂಚಿತವಾಗಿ ಸರಿಯಾಗಿ ತಿಳಿಸಿಯೂ ಇಲ್ಲ.

ಹೀಗೆ ಹೇಳಿ ಇಡೀ ನಿಯಮವನ್ನೇ ತಳ್ಳಿಹಾಕಿತು. ಜಿಪಿಎಸ್ ಜೊತೆ ಮೀನಿನ ವರದಿಯೂ ಹೋಯಿತು. ಎಷ್ಟು ಮೀನು ಅನ್ನುವುದಕ್ಕೂ ಎಲ್ಲಿದ್ದೀಯಾ ಅನ್ನುವುದಕ್ಕೂ ಒಂದೇ ಗಂಟು ಹಾಕಿದ್ದರ ಫಲ ಇದು. ಬರೀ ಮೀನಿನ ಲೆಕ್ಕ, ದಕ್ಕೆಯ ತಪಾಸಣೆ ಇಷ್ಟೇ ಕೇಳಿದ್ದರೆ ಇವತ್ತಿಗೆ ಹಲವು ವರ್ಷದ ಒಳ್ಳೆಯ ದಾಖಲೆ ಕೈಯಲ್ಲಿ ಇರುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಜಿಪಿಎಸ್ ಇಲ್ಲದೆ ಹೊರಟ ಬೋಟನ್ನೆಲ್ಲ ಹಿಡಿಯಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಬಿಟ್ಟುಹೋದದ್ದನ್ನು ಅಂದಾಜು ಮಾಡುವ ದಾರಿ ಇದೆ ಅಂತ ಮೇಲೆ ಹೇಳಿದೆನಲ್ಲ.

ಆಮೇಲೆ ಹೇಗೆ ಎಣಿಸಿದರು?

ತೀರ್ಪಿನ ಮೇಲೆ ಚಾರ್ಟರ್‌ಗಳ ಲೆಕ್ಕ ಮತ್ತೆ ಫೋನ್ ಮತ್ತು ದಕ್ಕೆಯ ಹಳೆಯ ಸಮೀಕ್ಷೆಗೇ ಬಂದು ನಿಂತಿತು. ಹೆಡ್‌ಬೋಟ್‌ಗಳ ದಿನಚರಿ ಬೇರೆ ನಿಯಮದ ಅಡಿ ಇದ್ದದ್ದರಿಂದ ಅದಕ್ಕೆ ಧಕ್ಕೆ ಆಗಲಿಲ್ಲ. ಟ್ಯಾಂಪಾದಲ್ಲಿರುವ ಕೊಲ್ಲಿ ಮೀನುಗಾರಿಕಾ ಮಂಡಳಿ, ಕೋರ್ಟಿನ ಆಕ್ಷೇಪಗಳಿಗೆ ಸಿಗದಂಥ ಹೊಸ ವರದಿ ಪದ್ಧತಿ ರೂಪಿಸಲು ಕ್ಯಾಪ್ಟನ್‌ಗಳನ್ನೇ ಕೂರಿಸಿಕೊಂಡು ಚರ್ಚೆ ಶುರು ಮಾಡಿತು.

ಅಟ್ಲಾಂಟಿಕ್ ಕಡೆಯ ಬೋಟುಗಳಿಗೂ ಇದೇ ಗತಿಯಾ?

ಅಲ್ಲಿ ಮೊದಲಿನಿಂದಲೂ ನಿಯಮ ಮೆದು. ಜಿಪಿಎಸ್ ಇಲ್ಲ, ಹೊರಡುವಾಗ ತಿಳಿಸಬೇಕಿಲ್ಲ. ಸೋಮವಾರದಿಂದ ಭಾನುವಾರದ ಲೆಕ್ಕವನ್ನು ಮುಂದಿನ ಮಂಗಳವಾರದೊಳಗೆ ಕಳಿಸಿದರೆ ಸಾಕು. ಹೋಗದ ವಾರ ಹೋಗಿಲ್ಲ ಅಂತ ತಿಳಿಸಬೇಕು. ತೀರ್ಪು ಕೊಲ್ಲಿಯ ನಿಯಮಕ್ಕೆ ಮಾತ್ರ ತಟ್ಟಿತು, ಇದು ಉಳಿಯಿತು. ಆದರೆ ವಾರಕ್ಕೊಮ್ಮೆ ಬರೆಯುವಾಗ ನೆನಪಿನ ತೊಡಕು ಇದ್ದೇ ಇರುತ್ತದೆ, ದಕ್ಕೆಯ ಲೆಕ್ಕದ ಜೊತೆ ಹೋಲಿಸುವುದೂ ಕಷ್ಟ.

ಗಾಳದವರ ಲೆಕ್ಕದಿಂದ ನಿಜವಾಗಿ ಏನಾದರೂ ಉಪಯೋಗ ಆದದ್ದು ಇದೆಯಾ?

ಇದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಕಾವೇರಿ ಸಾಕು.

ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವ ಶಿಬಿರಗಳಿದ್ದವು. ದೇಶವಿದೇಶದ ಜನ ಬರುತ್ತಿದ್ದರು. ಹಿಡಿದು, ತೂಕ ನೋಡಿ, ಫೋಟೋ ತೆಗೆದು, ವಾಪಸ್ ನದಿಗೆ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನಿನ ದಾಖಲೆ ಇತ್ತು. ವಿಜ್ಞಾನಿಗಳು ಅದನ್ನು ಕೆದಕಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೆಚ್ಚಿಬೀಳಿಸುವಂತಿತ್ತು. ಶಿಬಿರದಲ್ಲಿ ಮಹಶೀರ್ ಸಿಗುತ್ತಲೇ ಇತ್ತು, ಆದ್ದರಿಂದ ಎಲ್ಲ ಚೆನ್ನಾಗಿದೆ ಅನ್ನಿಸುತ್ತಿತ್ತು. ಬಿಡಿಸಿ ನೋಡಿದರೆ, ಸಿಗುತ್ತಿದ್ದುದು ಹೆಚ್ಚಿನಂಶ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದ್ದೇ ಆದ, ಬೆನ್ನು ಗೂನಿನ ದೊಡ್ಡ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿತ್ತು. ಸಿಕ್ಕವೂ ದೊಡ್ಡವೇ, ಮರಿಗಳ ಸುಳಿವಿಲ್ಲ. ಅಂದರೆ ಹೊಸ ಪೀಳಿಗೆ ಬರುತ್ತಿಲ್ಲ. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಗಟ್ಟಿಯಾಯಿತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ವನ್ಯಜೀವಿ ಕಾನೂನಿನ ಕಾರಣಕ್ಕೆ ಆ ಶಿಬಿರಗಳಲ್ಲಿ ಗಾಳ ನಿಂತಿತು. ಜೊತೆಗೆ ಆ ದಾಖಲೆಯೂ ನಿಂತಿತು. ಗಾಳ ನಿಲ್ಲಿಸಿದ್ದು ಸರಿಯೋ ತಪ್ಪೋ ಅನ್ನುವ ವಾದಕ್ಕೆ ಇಲ್ಲಿ ಹೋಗುವುದಿಲ್ಲ. ಅದಕ್ಕೆ ಬದಲಾಗಿ ಎಣಿಸುವವರು ಯಾರು ಅನ್ನುವುದನ್ನು ಮಾತ್ರ ಕೇಳಬೇಕಾಗುತ್ತದೆ.

ನಾನು ಗಿರಾಕಿಯಾಗಿ ಹೋದರೆ ಲೈಸೆನ್ಸ್, ಲೆಕ್ಕ ನನ್ನ ತಲೆಗೆ ಬರುತ್ತದಾ?

ಮೀನಿನ ವರದಿ ಕೊಡಬೇಕಾಗಿ ಬಂದರೂ ಅದು ಬೋಟಿನವರ ಹೊಣೆ. ಲೈಸೆನ್ಸ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲೋರಿಡಾದಲ್ಲಿ ಚಾರ್ಟರ್‌ನ ಲೈಸೆನ್ಸ್‌ನಲ್ಲೇ ಗಿರಾಕಿಗಳೂ ಸೇರುತ್ತಾರೆ. ಟೆಕ್ಸಸ್‌ನಲ್ಲಿ ನಿಮ್ಮದು ನೀವೇ ಮಾಡಿಸಬೇಕು. ಬುಕ್ ಮಾಡುವಾಗಲೇ ಕೇಳಿಬಿಡಿ. ಹಾಗೇ ಕ್ಯಾಪ್ಟನ್, ಹುಡುಗನ ಪಾಲಿನ ಎರಡೆರಡು ಸ್ನ್ಯಾಪರ್ ನಮಗೆ ಕೊಡಿ ಅಂತ ಕೇಳಬೇಡಿ. ಗಿರಾಕಿಗಳಿರುವ ಟ್ರಿಪ್‌ನಲ್ಲಿ ಅವರ ಪಾಲು ಸೊನ್ನೆ.

ದಕ್ಕೆಯಲ್ಲಿ ಸಮೀಕ್ಷೆಯವರು ನಿಲ್ಲಿಸಿದರೆ ಉತ್ತರ ಕೊಡಲೇಬೇಕಾ?

ಕಡ್ಡಾಯ ಇಲ್ಲ, ಆದರೆ ಕೊಡಿ. ಅವರು ಪೊಲೀಸರಲ್ಲ, ದಂಡ ಹಾಕುವವರಲ್ಲ. ಫ್ಲೋರಿಡಾದ ಡೆಸ್ಟಿನ್ ಬಂದರಿನಲ್ಲಾದರೆ ಅವರ ಕೆಲಸ ಕಣ್ಣಿಗೇ ಬೀಳುತ್ತದೆ. ಬೋಟ್ ಬಂದ ಕೂಡಲೇ ಹುಡುಗರು ಮೀನನ್ನು ಬೋಟಿನ ಹೆಸರಿರುವ ಹಲಗೆಗೆ ಸಾಲಾಗಿ ನೇತುಹಾಕುತ್ತಾರೆ, ಫೋಟೋ ಆಗುತ್ತದೆ. ಆ ಗದ್ದಲದ ನಡುವೆ ಇವರು ಬಂದು ಒಂದೊಂದು ಮೀನಿನ ಉದ್ದ ಅಳೆದು, ತೂಕ ಹಾಕಿ, ಬಿಟ್ಟದ್ದು ಎಷ್ಟು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಬಿಟ್ಟದ್ದು ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ, ಸುಮ್ನೆ ಒಂದು ಸಂಖ್ಯೆ ಹೇಳಬೇಡಿ. ಮೀನು ಕತ್ತರಿಸುವ ಮೇಜಿಗೆ ಹೋಗುವ ಮುಂಚೆಯೇ ಅಳೆಯಲು ಬಿಡಿ. ಹೋಳಾದ ಮೇಲೆ ಅದರ ಉದ್ದವೂ ಇಲ್ಲ, ತೂಕವೂ ಇಲ್ಲ.